ಬಿದ್ದುದು ತಾರೆಯಲ್ಲ

ಪ್ರತಿವರ್ಷ ಡಿಸೆಂಬರ್ ತಿಂಗಳ 13 ಮತ್ತು 14ರ ಸುಮಾರಿಗೆ ನಮ್ಮ ಮನೆಗಳ ಮೇಲಣ ಆಕಾಶದಲ್ಲಿ ಒಂದು ಉತ್ಸವ ನಡೆಯುತ್ತದೆ. ಅದಕ್ಕೆ ಡಂಗುರವಿಲ್ಲ, ಊರಪಟ್ಟಿಯಿಲ್ಲ, ಬಾಜಾ ಭಜಂತ್ರಿಯಿಲ್ಲ. ಬಡವ ಬಲ್ಲಿದರೆಂಬ ಭೇದವೂ ಅಲ್ಲಿಲ್ಲ. ದೀಪಗಳಿಂದ ದೂರ ಸರಿದು, ಕಂಬಳಿ ಹೊದ್ದು, ಅಂಗಾತ ಮಲಗಿ ಮೇಲೆ ನೋಡಿದವರಿಗೆಲ್ಲ ಅದರ ದರ್ಶನವಾಗುತ್ತದೆ. ತಾಸಿಗೆ ಐವತ್ತು, ಅರವತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೆಳಕಿನ ಗೆರೆಗಳು ಬಾನಿನಲ್ಲಿ ಮೂಡಿ ಮಾಯವಾಗುತ್ತವೆ. ಖಗೋಲಜ್ಞರು ಇದನ್ನು ಮಿಥುನ ಉಲ್ಕಾವೃಷ್ಟಿಯೆಂದು ಕರೆಯುತ್ತಾರೆ. ನಮ್ಮ ಕಡೆಯ ಜನರ ಮಾತಿನಲ್ಲಿ ಇದು ‘ಚಿಕ್ಕಿ ಬೀಳುವುದು’.

ಈ ವಿಷಯವನ್ನು ಕುರಿತು ಓದುಗ ಬಂಧುಗಳಿಗೆ ನಾಲ್ಕು ಮಾತು ಬರೆಯಬೇಕೆಂಬ ಅಪೇಕ್ಷೆ ನಮಗೆ ಬಹುದಿನಗಳಿಂದ ಇತ್ತು. ಆದರೆ ಲೇಖನಿ ಹಿಡಿದಾಗಲೆಲ್ಲ ಕೈ ತಡೆಯುತ್ತಿತ್ತು. ಉಲ್ಕೆಯ ವಿಜ್ಞಾನವನ್ನು ಬರೆಯಹೊರಟರೆ, ಉಲ್ಕೆಯ ಹೆಸರಿನಲ್ಲಿ ನಮ್ಮಿಂದ ಆದ ಒಂದು ಅಪರಾಧವನ್ನೂ ಬರೆಯಬೇಕಾಗುತ್ತದೆ. ಅದನ್ನು ಮುಚ್ಚಿಟ್ಟು ಬರೆದರೆ ಬರಹಕ್ಕೆ ಬೆಲೆಯಿಲ್ಲ. ಆದ್ದರಿಂದ ಅದರಿಂದಲೇ ಆರಂಭಿಸುತ್ತೇವೆ.

ಆ ಶನಿವಾರದ ರಾತ್ರಿ

ನಮಗೆ ಒಬ್ಬಳೇ ಅಕ್ಕ. 1974ರ ಬೇಸಿಗೆಯಲ್ಲಿ ಅವಳ ಲಗ್ನವಾಯಿತು. ಇಂದಿನ ವಿಜಯಪುರ ಜಿಲ್ಲೆಯ ಡೋಣಿ ನದಿಯ ಸೀಮೆಯಲ್ಲಿ, ಎರೆಭೂಮಿಯ ಜೋಳದ ನಾಡಿನಲ್ಲಿ, ಅವಳ ಗಂಡನ ಮನೆ. ಆ ವರ್ಷ ಛಟ್ಟಿ ಅಮಾವಾಸ್ಯೆಯ ಮರುದಿನ, ಶನಿವಾರ ರಾತ್ರಿ, ಊಟದ ಮುಸುರೆ ಪಾತ್ರೆಗಳನ್ನು ತೆಗೆದುಕೊಂಡು ಅಕ್ಕ ಹಿತ್ತಿಲಿಗೆ ಹೋದಳು. ಆಗ ಪೂರ್ವದಿಕ್ಕಿನಿಂದ ದೊಡ್ಡದೊಂದು ಉಲ್ಕೆ ಹೊರಟು ಅರ್ಧ ಆಕಾಶವನ್ನು ದಾಟಿ ಹೋಯಿತು. ಹಿತ್ತಿಲ ಗೋಡೆ, ಮೇವಿನ ಬಣವೆ, ಎತ್ತುಗಳ ಕೊಂಬು ಎಲ್ಲವೂ ಕ್ಷಣಕಾಲ ಬೆಳ್ಳಗೆ ಕಂಡವಂತೆ. ಅಕ್ಕ ಆಗಿನ್ನೂ ಇಪ್ಪತ್ತರ ಹುಡುಗಿ. ಸಂತೋಷ ತಡೆಯಲಾರದೆ ಮನೆಮಂದಿಯನ್ನೆಲ್ಲ ಕೂಗಿ ಕರೆದಳು.

ಮೂರನೆಯ ದಿನ ಅವಳ ಮಾವನವರು ಲಿಂಗೈಕ್ಯರಾದರು. ಅವರಿಗೆ ಎರಡು ವರ್ಷಗಳಿಂದ ಎದೆಯ ಬೇನೆಯಿತ್ತು. ಕೆಮ್ಮಿನೊಡನೆ ರಕ್ತ ಬೀಳುತ್ತಿತ್ತು. ಅದನ್ನು ಊರೆಲ್ಲ ಬಲ್ಲದು. ಆದರೂ ಶಿವಗಣಾರಾಧನೆಯ ಹೊತ್ತಿಗೆ ಜನರ ಬಾಯಲ್ಲಿ ಬೇರೆಯೇ ಮಾತು ಹುಟ್ಟಿಕೊಂಡಿತ್ತು. ಹೊಸ ಸೊಸೆ ಬೀಳುವ ಚಿಕ್ಕಿಯನ್ನು ಕಂಡು ಬಾಯಿ ಮುಚ್ಚಿಕೊಂಡು ಒಳಗೆ ಬರಲಿಲ್ಲ, ಕೂಗಿ ಕರೆದಳು, ಅದು ಮನೆಯ ಹಿರಿಯನನ್ನು ಕರೆದುಕೊಂಡು ಹೋಯಿತು ಎಂಬ ಮಾತದು.

ನಾವು ಆಗ ಹದಿನಾರರ ವಯಸ್ಸಿನವರು. ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದೆವು. ಕಾವ್ಯ ವ್ಯಾಕರಣಗಳ ಜೊತೆಗೆ ಜ್ಯೋತಿಷದ ಗ್ರಂಥಗಳನ್ನೂ ಅಷ್ಟಿಷ್ಟು ತಿರುವಿ ಹಾಕಿದ್ದೆವು. ಆರಾಧನೆಗೆ ಹೋದಾಗ ಪಡಸಾಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು, “ನೀ ಮಠದಾಗ ಓದಿದಾವ, ಶಾಸ್ತ್ರದಾಗ ಏನ ಐತಿ ಹೇಳಪಾ” ಎಂದು ಕೇಳಿದರು. ನಾವು ಎದೆಯುಬ್ಬಿಸಿ ಹೇಳಿದೆವು: ಉಲ್ಕಾಪಾತವು ಉತ್ಪಾತಗಳಲ್ಲಿ ಒಂದು, ಅದರ ಫಲ ಅಶುಭವೆಂದು ಗ್ರಂಥದಲ್ಲಿದೆ. ವರಾಹಮಿಹಿರನ ಹೆಸರನ್ನೂ ಹೇಳಿದೆವು. ಕುಳಿತವರೆಲ್ಲ ತಲೆದೂಗಿದರು. ತುಂಬಿದ ಪಡಸಾಲೆಯಲ್ಲಿ ಉತ್ತರ ಕೊಟ್ಟೆವೆಂಬ ಹೆಮ್ಮೆ ನಮಗೆ. ಆ ಉತ್ತರ ಯಾರ ತಲೆಯ ಮೇಲೆ ಬೀಳುತ್ತದೆಂಬ ವಿವೇಕ ಇರಲಿಲ್ಲ.

ಅಲ್ಲಿಯವರೆಗೆ ಅದು ಬಾಯಿಮಾತಾಗಿತ್ತು. ನಮ್ಮಿಂದ ಅದಕ್ಕೆ ಶಾಸ್ತ್ರದ ಮುದ್ರೆ ಬಿದ್ದಿತು. ಅನಂತರ ಆ ಮನೆಯಲ್ಲಿ ಉಡಿ ತುಂಬುವ ಕಾರ್ಯವಿರಲಿ, ಬಿತ್ತನೆಗೆ ಕೂರಿಗೆ ಪೂಜಿಸುವ ದಿನವಿರಲಿ, ಅಕ್ಕನನ್ನು ಮುಂದೆ ಕರೆಯುತ್ತಿರಲಿಲ್ಲ. ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ, ಸುಮ್ಮನೆ ಕರೆಯಲಿಲ್ಲ. ಭಾವನವರು ಒಳ್ಳೆಯವರು, ಆದರೆ ಹೆತ್ತ ತಾಯಿಗೆ ಎದುರಾಡುವ ಸ್ವಭಾವದವರಾಗಿರಲಿಲ್ಲ. ಆ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುವುದು ವಾಡಿಕೆ. ಅಕ್ಕ ಮಾತ್ರ ಬೀಸಣಿಕೆ ಹಿಡಿದುಕೊಂಡು ಪಡಸಾಲೆಯಲ್ಲೇ ಮಲಗುತ್ತಿದ್ದಳು. ಕತ್ತಲಾದ ಮೇಲೆ ಹೊರಗೆ ಬಂದರೆ ತಲೆಯೆತ್ತುತ್ತಿರಲಿಲ್ಲ. ಇದು ಒಂದೆರಡು ವರ್ಷದ ಮಾತಲ್ಲ.

ಗ್ರಂಥದಲ್ಲಿ ಇರುವುದೇನು?

ನಾವು ಅಂದು ಹೇಳಿದ್ದು ಗ್ರಂಥದಲ್ಲಿ ಇಲ್ಲದ ಮಾತೇನಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಉಲ್ಕೆಗಳಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾನೆ. ಸ್ವರ್ಗದಲ್ಲಿ ಪುಣ್ಯಫಲವನ್ನು ಉಂಡು ಮುಗಿಸಿ ಕೆಳಗೆ ಬೀಳುವವರ ರೂಪವೇ ಉಲ್ಕೆಯೆಂಬ ನಂಬಿಕೆಯನ್ನೂ ಹೇಳಿದ್ದಾನೆ. ಮಹಾಭಾರತದ ಭೀಷ್ಮಪರ್ವದಲ್ಲಿ ಯುದ್ಧಕ್ಕೆ ಮುನ್ನ ಕಂಡ ದುರ್ನಿಮಿತ್ತಗಳಲ್ಲಿ ಉಲ್ಕೆಗಳೂ ಸೇರಿವೆ.

ಆದರೆ ಗ್ರಂಥವನ್ನು ಓದುವುದಕ್ಕೂ ಒಂದು ಕ್ರಮವುಂಟು. ವರಾಹಮಿಹಿರನ ಆ ಅಧ್ಯಾಯದಲ್ಲಿ ಎರಡು ಭಾಗಗಳಿವೆ. ಒಂದು, ಕಣ್ಣಾರೆ ಕಂಡದ್ದು: ಉಲ್ಕೆಯ ಆಕಾರ, ಬಾಲ, ಬಣ್ಣ, ಸದ್ದು. ಇನ್ನೊಂದು, ಕಂಡದ್ದರ ಮೇಲೆ ಕಟ್ಟಿದ ಫಲ. ಮೊದಲನೆಯದು ಒಬ್ಬ ಮಹಾಪಂಡಿತನ ಪರಿಶ್ರಮ. ಅದಕ್ಕೆ ಇಂದಿಗೂ ಕೈಮುಗಿಯಬೇಕು. ಎರಡನೆಯದು ಆ ಕಾಲದ ಭಯ. ಇದೇ ವರಾಹಮಿಹಿರನು ಇದೇ ಗ್ರಂಥದಲ್ಲಿ ಗ್ರಹಣದ ವಿಚಾರ ಬಂದಾಗ, ಚಂದ್ರನು ಭೂಮಿಯ ನೆರಳನ್ನು ಹೊಗುವುದರಿಂದ ಚಂದ್ರಗ್ರಹಣವಾಗುವುದೆಂದು ವಿವರಿಸಿ, ರಾಹು ಅದಕ್ಕೆ ಕಾರಣನಲ್ಲವೆಂದು ಸಾರಿದ್ದಾನೆ. ಹಳೆಯ ಮಾತನ್ನು ಹೊಸ ತಿಳಿವಳಿಕೆಯಿಂದ ತಿದ್ದಿಕೊಳ್ಳುವ ದಾರಿಯನ್ನು ಆತನೇ ತೋರಿದ್ದಾನೆ. ಹದಿನಾರರ ನಾವು ಭಯದ ಭಾಗವನ್ನು ಬಾಯಿಪಾಠ ಮಾಡಿದ್ದೆವು. ತಿದ್ದುವ ಭಾಗವನ್ನು ಓದಿರಲಿಲ್ಲ.

ಒಂದೇ ಉಲ್ಕೆ ಬೇರೆಯವರಿಗೆ ಬೇರೆ ಅರ್ಥವನ್ನು ಕೊಟ್ಟಿರುವುದೂ ಉಂಟು. ಜೈನಪುರಾಣಗಳಲ್ಲಿ ಉಲ್ಕಾಪಾತವನ್ನು ಕಂಡ ಅರಸರು ಸಂಸಾರದ ಕ್ಷಣಿಕತೆಯನ್ನು ಅರಿತು ವೈರಾಗ್ಯ ತಾಳುವ ಪ್ರಸಂಗಗಳಿವೆ. ಅವರು ಯಾರನ್ನೂ ದೂರಲಿಲ್ಲ; ತಮ್ಮನ್ನು ತಾವು ನೋಡಿಕೊಂಡರು. ಇನ್ನು ಹನ್ನೆರಡನೆಯ ಶತಮಾನದ ನಮ್ಮ ಶರಣರು ತಿಥಿ, ವಾರ, ಲಗ್ನಗಳ ಶುಭಾಶುಭದ ಲೆಕ್ಕವನ್ನೇ ಬದಿಗಿಟ್ಟವರು. ಅವರ ಹೆಸರನ್ನು ಹೇಳುವ ಮನೆಯಲ್ಲಿ, ಅವರ ಹೆಸರನ್ನು ಹೇಳುವ ಮಠದಲ್ಲಿ ಓದಿದ ಹುಡುಗನ ಬಾಯಿಂದ, ಒಬ್ಬ ಹೆಣ್ಣುಮಗಳ ಮೇಲೆ ಅಪಶಕುನದ ಹೊರೆ ಬಿದ್ದಿತು.

ಪಂಚಾಂಗದ ಹಳೆಯ ಹಾಳೆ

2023ರ ಡಿಸೆಂಬರ್ ಮೊದಲ ವಾರದಲ್ಲಿ, ಆಗ ಒಂಬತ್ತನೆಯ ತರಗತಿಯಲ್ಲಿದ್ದ ನಮ್ಮ ಮೊಮ್ಮಗಳು ಶಾಲೆಯಿಂದ ಒಂದು ಸುದ್ದಿ ತಂದಳು. 14ರ ರಾತ್ರಿ ಉಲ್ಕಾವೃಷ್ಟಿಯಂತೆ, ಚಂದ್ರನ ಬೆಳಕಿನ ಕಾಟವೂ ಇಲ್ಲವಂತೆ, ನೋಡಲೇಬೇಕಂತೆ. ನಾವು ಇರುವುದು ಪಟ್ಟಣದಲ್ಲಿ. ಇಲ್ಲಿ ಬೀದಿದೀಪಗಳ ಬೆಳಕಿನಲ್ಲಿ ಕೃತ್ತಿಕೆಯೂ ಸರಿಯಾಗಿ ಕಾಣುವುದಿಲ್ಲ. “ಹಂಗಾದ್ರ ಆಯಿ ಊರಿಗೆ ಹೋಗೋಣ, ಅಜ್ಜಾ” ಎಂದಳು. ಆಯಿ ಎಂದರೆ ನಮ್ಮ ಅಕ್ಕ.

ಹೊರಡುವ ಮುನ್ನ ನಾವು ಈ ವಿಷಯವನ್ನು ಕುರಿತು ಸ್ವಲ್ಪ ಓದಿಕೊಂಡೆವು. ಈ ಉಲ್ಕೆಗಳು ವರ್ಷ ವರ್ಷವೂ ಅದೇ ತಾರೀಖಿಗೆ ಬರುತ್ತವೆಂಬ ಮಾತು ಕಣ್ಣಿಗೆ ಬಿದ್ದೊಡನೆ ಮನಸ್ಸಿನಲ್ಲಿ ಏನೋ ಅಲುಗಾಡಿತು. ಹಳೆಯ ಪಂಚಾಂಗಗಳನ್ನು ಎಸೆಯದೆ ಕಟ್ಟಿಡುವುದು ಮಠದಿಂದ ಬಂದ ಅಭ್ಯಾಸ. ಅಟ್ಟದ ಮೇಲಿನ ಗಂಟನ್ನು ಇಳಿಸಿ ಶಾಲಿವಾಹನ ಶಕ 1896ರ, ಆನಂದನಾಮ ಸಂವತ್ಸರದ ಪಂಚಾಂಗವನ್ನು ತೆರೆದೆವು. ಕಾರ್ತಿಕ ಬಹುಳ ಅಮಾವಾಸ್ಯೆ, ಅಂದರೆ ಛಟ್ಟಿ ಅಮಾವಾಸ್ಯೆ, ಶುಕ್ರವಾರ, 1974ರ ಡಿಸೆಂಬರ್ 13. ಮರುದಿನ ಶನಿವಾರ, ಡಿಸೆಂಬರ್ 14.

ಆ ಹಾಳೆಯನ್ನು ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದೆವು. ವರ್ಷದಲ್ಲೇ ಅತಿ ಹೆಚ್ಚು ಉಲ್ಕೆಗಳು ಕಾಣುವ ರಾತ್ರಿಯಂದೇ, ಚಂದ್ರನಿಲ್ಲದ ಕತ್ತಲೆಯಲ್ಲಿ, ಅಕ್ಕ ಮುಸುರೆ ತೊಳೆಯಲು ಹಿತ್ತಿಲಿಗೆ ಹೋಗಿದ್ದಳು. ಆಕೆ ಏನನ್ನೂ ಕರೆದಿರಲಿಲ್ಲ. ಆಕೆ ಹುಟ್ಟುವ ಮೊದಲೂ ಅವು ಆ ರಾತ್ರಿ ಬೀಳುತ್ತಿದ್ದವು. ಮಾವನವರ ಮನೆ ಕಟ್ಟುವ ಮೊದಲೂ ಬೀಳುತ್ತಿದ್ದವು.

ಧೂಳಿನ ದಾರಿ

ಹಾಗಾದರೆ ಬೀಳುವುದೇನು? ನಕ್ಷತ್ರವಂತೂ ಅಲ್ಲ. ನಕ್ಷತ್ರಗಳು ನಮ್ಮ ಸೂರ್ಯನಂಥ ಬೃಹತ್ ಗೋಲಗಳು. ಅವುಗಳಲ್ಲಿ ಒಂದೂ ಕಳಚಿ ಬೀಳುವುದಿಲ್ಲ. ಉಲ್ಕಾವೃಷ್ಟಿಯ ರಾತ್ರಿಯ ಮರುದಿನ ಲೆಕ್ಕ ಹಾಕಿದರೆ ಆಕಾಶದಲ್ಲಿ ಒಂದು ತಾರೆಯೂ ಕಡಿಮೆಯಾಗಿರುವುದಿಲ್ಲ. ಬೀಳುವುದು ಧೂಳು.

ಜಾತ್ರೆಗೆ ಹೋಗುವ ಬಂಡಿಗಳು ಕಾಲುದಾರಿಯಲ್ಲಿ ಧೂಳೆಬ್ಬಿಸಿ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಬಂಡಿ ಮುಂದೆ ಹೋದರೂ ಧೂಳು ದಾರಿಯ ಮೇಲೆ ತೇಲುತ್ತಿರುತ್ತದೆ. ಧೂಮಕೇತುಗಳೂ ಕೆಲವು ಕ್ಷುದ್ರಗ್ರಹಗಳೂ ಸೂರ್ಯನನ್ನು ಸುತ್ತುವಾಗ ಹೀಗೆಯೇ ತಮ್ಮ ದಾರಿಯುದ್ದಕ್ಕೂ ಧೂಳನ್ನು ಚೆಲ್ಲುತ್ತವೆ. ನಮ್ಮ ಭೂಮಿಯು ಸೂರ್ಯನನ್ನು ಸುತ್ತುತ್ತ ವರ್ಷಕ್ಕೊಮ್ಮೆ ಅದೇ ಸ್ಥಳದಲ್ಲಿ ಆ ದಾರಿಯನ್ನು ಹಾಯುತ್ತದೆ. ಆದ್ದರಿಂದಲೇ ಉಲ್ಕಾವೃಷ್ಟಿಗೆ ತಾರೀಖು ನಿಶ್ಚಿತ.

ಮಿಥುನ ಉಲ್ಕಾವೃಷ್ಟಿಯನ್ನು ವಿದ್ವಾಂಸರು ಗುರುತಿಸಿದ್ದು 1862ರಲ್ಲಿ. ಆದರೆ ಅದರ ಧೂಳು ಯಾವುದರದೆಂಬುದು ನೂರಿಪ್ಪತ್ತು ವರ್ಷಗಳ ಕಾಲ ಒಗಟಾಗಿಯೇ ಉಳಿದಿತ್ತು. 1983ರ ಅಕ್ಟೋಬರ್‌ನಲ್ಲಿ ಐರಾಸ್ ಎಂಬ ಉಪಗ್ರಹದ ಚಿತ್ರಗಳಲ್ಲಿ ಒಂದು ಕ್ಷುದ್ರಗ್ರಹ ಪತ್ತೆಯಾಯಿತು. ಅದರ ದಾರಿಯೂ ಈ ಉಲ್ಕೆಗಳ ದಾರಿಯೂ ಒಂದೇ ಎಂಬುದನ್ನು ಖಗೋಲಜ್ಞ ಫ್ರೆಡ್ ವಿಪಲ್ ತೋರಿಸಿಕೊಟ್ಟರು. ಅದಕ್ಕೆ ಫೇಥಾನ್ ಎಂದು ಹೆಸರಿಟ್ಟರು. ಗ್ರೀಕರ ಪುರಾಣದಲ್ಲಿ ತಂದೆ ಸೂರ್ಯನ ರಥವನ್ನು ನಡೆಸಲು ಹೋಗಿ ಹತೋಟಿ ತಪ್ಪಿದ ಮಗನ ಹೆಸರದು. ಸುಮಾರು 5ರಿಂದ 6 ಕಿಲೋಮೀಟರ್ ಅಗಲದ ಈ ಬಂಡೆ ಸುಮಾರು 17 ತಿಂಗಳಿಗೊಮ್ಮೆ ಸೂರ್ಯನನ್ನು ಸುತ್ತುತ್ತದೆ. ಹಾಗೆ ಸುತ್ತುವಾಗ ಬುಧನಿಗಿಂತಲೂ ಒಳಗೆ, ಸೂರ್ಯನಿಂದ ಸುಮಾರು 2.1 ಕೋಟಿ ಕಿಲೋಮೀಟರ್‌ವರೆಗೆ ಹೋಗುತ್ತದೆ. ಅಲ್ಲಿಯ ಬೇಗೆಗೆ ಅದರ ಮೈ 700 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯುತ್ತದೆ.

ಆ ಬಂಡೆಯಿಂದ ಹಿಂದೆಂದೋ ಕಳಚಿದ ಕಣಗಳೇ ನಮಗೆ ಕಾಣುವ ಉಲ್ಕೆಗಳು. ಹೆಚ್ಚಿನವು ಸಾಸಿವೆಯಿಂದ ಕಡಲೆಕಾಳಿನ ಗಾತ್ರದವು. ಅವು ಸೆಕೆಂಡಿಗೆ 35 ಕಿಲೋಮೀಟರ್ ವೇಗದಿಂದ ನಮ್ಮ ವಾಯುಮಂಡಲಕ್ಕೆ ನುಗ್ಗುತ್ತವೆ. ಆ ವೇಗದಲ್ಲಿ ವಿಜಯಪುರದಿಂದ ಬೆಂಗಳೂರನ್ನು ಹದಿನೈದು ಸೆಕೆಂಡಿನೊಳಗೆ ಮುಟ್ಟಬಹುದು. ಎದುರಿನ ಗಾಳಿಯನ್ನು ಒತ್ತುತ್ತ, ಕಾಯಿಸುತ್ತ, ತಾವೂ ಕಾಯುತ್ತ, ನೆಲದಿಂದ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಹೊಳೆಯತೊಡಗಿ ಅಲ್ಲಿಯೇ ಕರಗಿಹೋಗುತ್ತವೆ. ಕಣವು ಗೋಲಿಯಷ್ಟೋ ಲಿಂಬೆಯಷ್ಟೋ ದೊಡ್ಡದಾಗಿದ್ದರೆ ನೆಲದ ಮೇಲೆ ನೆರಳು ಬೀಳುವಷ್ಟು ಬೆಳಕಾಗುತ್ತದೆ.

ಇಲ್ಲಿ ಒಂದು ಸರಳ ಲೆಕ್ಕವನ್ನು ಗಮನಿಸಬೇಕು. ಅಷ್ಟು ಎತ್ತರದಲ್ಲಿ ಬೆಳಗುವ ಉಲ್ಕೆ ಒಂದು ಹಿತ್ತಿಲಿಗೆ ಮಾತ್ರ ಕಾಣುವುದಿಲ್ಲ. 1974ರ ಆ ಬೆಳಕು ಸೊಲ್ಲಾಪುರದಿಂದ ಬಾಗಲಕೋಟೆಯವರೆಗೆ ಸಾವಿರಾರು ಹಿತ್ತಿಲುಗಳಿಗೆ ಕಾಣುವಂಥದು. ಆ ಸಾವಿರಾರು ಮನೆಗಳಲ್ಲಿ ಮೂರನೆಯ ದಿನ ಯಾರೂ ಸಾಯಲಿಲ್ಲ. ರೋಗಿಯಿದ್ದ ಮನೆಯಲ್ಲಿ ರೋಗಿ ತೀರಿಕೊಂಡರು.

ತಪ್ಪು ತಿಳಿದವರು ನಾವು ಮಾತ್ರವೇ ಅಲ್ಲ. 1833ರ ನವೆಂಬರ್ 13ರ ಬೆಳಗಿನ ಜಾವ ಅಮೆರಿಕದ ಆಕಾಶದಲ್ಲಿ ಸಿಂಹರಾಶಿಯ ಉಲ್ಕೆಗಳು ಮಳೆಯಂತೆ ಸುರಿದಾಗ, ಪ್ರಳಯವೇ ಬಂತೆಂದು ಜನ ಮೊಣಕಾಲೂರಿ ಪ್ರಾರ್ಥಿಸಿದರು. ಯೇಲ್ ವಿದ್ಯಾಲಯದ ಪ್ರಾಧ್ಯಾಪಕ ಡೆನಿಸನ್ ಓಮ್‌ಸ್ಟೆಡ್ ಮಾತ್ರ ಪತ್ರಿಕೆಯ ಮೂಲಕ ಜನರು ಕಂಡದ್ದನ್ನು ಬರೆದು ಕಳುಹಿಸಲು ಕೇಳಿಕೊಂಡರು. ಬಂದ ಪತ್ರಗಳನ್ನು ಹೋಲಿಸಿ, ಉಲ್ಕೆಗಳೆಲ್ಲ ಸಿಂಹರಾಶಿಯ ಒಂದು ಬಿಂದುವಿನಿಂದ ಹೊರಡುವಂತೆ ಕಾಣುತ್ತವೆಂದು ಕಂಡುಕೊಂಡರು. 1866ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ, ಆಗಸ್ಟ್ ತಿಂಗಳ ಉಲ್ಕೆಗಳಿಗೂ ಒಂದು ಧೂಮಕೇತುವಿಗೂ ದಾರಿ ಒಂದೇ ಎಂಬುದನ್ನು ತೋರಿಸಿದರು. ಭಯಪಟ್ಟವರ ನಡುವೆ ಒಬ್ಬನು ಕೇಳುವ ಮನಸ್ಸು ಮಾಡಿದ್ದರಿಂದ ಈ ವಿದ್ಯೆ ಬೆಳೆಯಿತು. ನಮ್ಮ ಪಡಸಾಲೆಯಲ್ಲಿ ಆ ದಿನ ಕೇಳುವವರಿರಲಿಲ್ಲ, ಹೇಳುವವರಿದ್ದರು.

ಹೊಲದಲ್ಲಿ ಕಳೆದ ರಾತ್ರಿ

14ರ ಸಂಜೆ ಅಕ್ಕನ ಊರು ಮುಟ್ಟಿದೆವು. ಭಾವನವರು ತೀರಿಹೋಗಿ ಆಗಲೇ ಒಂಬತ್ತು ವರ್ಷ. ಅಕ್ಕನ ಮಗ, ಸೊಸೆ, ಮಕ್ಕಳೆಲ್ಲ ಹೊಲಕ್ಕೆ ಹೊರಡುವ ಸಿದ್ಧತೆಯಲ್ಲಿದ್ದರು. ಜಮಖಾನೆ, ಕೌದಿ, ಚಹಾದ ಥರ್ಮಾಸು ಎಲ್ಲವೂ ಟ್ರ್ಯಾಕ್ಟರಿನಲ್ಲಿ ಸೇರಿದವು. ಮೊಮ್ಮಗಳು ಅಕ್ಕನ ಕೈ ಹಿಡಿದು ಎಳೆದಳು. “ನಾ ಒಲ್ಲೆ ಯವ್ವಾ, ನೀವು ಹೋಗಿ ಬರ್ರಿ” ಎಂದು ಅಕ್ಕ ಕೈ ಬಿಡಿಸಿಕೊಂಡು ಒಳಗೆ ಹೋದಳು.

ನಾವು ಹಿಂದೆಯೇ ಅಡುಗೆಮನೆಗೆ ಹೋಗಿ ಅವಳ ಮುಂದೆ ನೆಲದ ಮೇಲೆ ಕುಳಿತೆವು. ಚೀಲದಿಂದ ಪಂಚಾಂಗದ ಹಾಳೆಯನ್ನು ತೆಗೆದು ತೋರಿಸಿದೆವು. ಇದೇ ತಾರೀಖು, ವರ್ಷಾ ಬೀಳುತ್ತವೆ ಎಂದು ತಿಳಿಯಹೇಳಿದೆವು. ಬಳಿಕ, ಆ ದಿನ ಪಡಸಾಲೆಯಲ್ಲಿ ಶಾಸ್ತ್ರ ಹೇಳಿದವರು ನಾವೇ ಎಂದೂ ಹೇಳಿದ್ದು ತಪ್ಪೆಂದೂ ಒಪ್ಪಿಕೊಂಡೆವು. ಈ ಮಾತನ್ನು ಬಾಯಿಂದ ಹೊರಡಿಸಲು ನಮಗೆ 49 ವರ್ಷ ಹಿಡಿದಿತ್ತು.

ಅಕ್ಕ ಹಾಳೆಯನ್ನು ನೋಡಲಿಲ್ಲ. “ಗೊತ್ತೈತಿ ತಮ್ಮಾ. ನಾ ಆವಾಗ ಇಲ್ಲೇ ಅಡಗಿಮನ್ಯಾಗ ಇದ್ದೆ. ಎಲ್ಲಾ ಕೇಳಿಸಿತ್ತು. ನೀ ಸಣ್ಣಾವ ಇದ್ದಿ” ಎಂದಳು. ಆ 49 ವರ್ಷಗಳಲ್ಲಿ ಅವಳ ಮನೆಯಿಂದ ನಮ್ಮ ಮನೆಗೆ ಸೀತನಿ ಬರುವುದು ತಪ್ಪಿರಲಿಲ್ಲ, ಪಂಚಮಿಯ ಉಂಡಿ ಬರುವುದು ತಪ್ಪಿರಲಿಲ್ಲ. ಒಂದು ದಿನವೂ ಈ ಮಾತನ್ನು ಆಕೆ ಎತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎದ್ದಳು. ಗೂಟಕ್ಕೆ ಹಾಕಿದ್ದ ಶಾಲನ್ನು ತೆಗೆದು ಹೊದ್ದುಕೊಂಡಳು.

ಬಿದಿಗೆಯ ಚಂದ್ರ ಏಳೂವರೆಯೊಳಗೆ ಮುಳುಗಿ ಹೋಗಿದ್ದ. ಹೊಲದಲ್ಲಿ ಹಿಂಗಾರಿ ಜೋಳ ಎದೆಯುದ್ದ ನಿಂತಿತ್ತು. ಬದುವಿನ ಮೇಲೆ ಜಮಖಾನೆ ಹಾಸಿ ಎಲ್ಲರೂ ಮಲಗಿದೆವು. ಈಶಾನ್ಯದಲ್ಲಿ ಪುನರ್ವಸುವಿನ ಜೋಡಿ ತಾರೆಗಳು ಏರುತ್ತಿದ್ದವು. ಈ ಉಲ್ಕೆಗಳೆಲ್ಲ ಆ ಜೋಡಿಯ ಬಳಿಯಿಂದ ಹೊರಡುವಂತೆ ತೋರುತ್ತವೆ. ಅದೇಕೆಂದು ಮೊಮ್ಮಗಳು ಕೇಳಿದಳು. ಬದುವಿನ ತುದಿಯಲ್ಲಿ ನಿಂತು ಕೂರಿಗೆಯ ಸಾಲುಗಳನ್ನು ನೋಡು ಎಂದೆವು. ಸಾಲುಗಳೆಲ್ಲ ಸಮಾನಾಂತರವಾಗಿದ್ದರೂ ದೂರದಲ್ಲಿ ಒಂದೆಡೆ ಕೂಡಿದಂತೆ ಕಾಣುತ್ತವೆ. ಸಾಲುಸಾಲಾಗಿ ಬರುವ ಉಲ್ಕೆಗಳೂ ಹಾಗೆಯೇ.

ಮೊದಲ ಉಲ್ಕೆ ಒಂಬತ್ತರ ಸುಮಾರಿಗೆ ಬಂತು. ನಿಧಾನವಾಗಿ, ಹಳದಿ ಬಣ್ಣದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಉದ್ದವಾದ ಗೆರೆಯೆಳೆಯಿತು. ಮುಂಜಾವಿರುಳಿನಲ್ಲಿ ಇಂಥವು ಕಡಿಮೆ. ಆದರೆ ವಾಯುಮಂಡಲದ ಮೇಲ್ಭಾಗವನ್ನು ಸವರಿಕೊಂಡು ಬರುವುದರಿಂದ ಬಹಳ ಉದ್ದವಾಗಿರುತ್ತವೆ. ಅಕ್ಕ 1974ರಲ್ಲಿ ಕಂಡದ್ದು ಅಂಥದೇ. ಆಕೆ ಕೌದಿಯನ್ನು ಬಿಗಿಯಾಗಿ ಹಿಡಿದುಕೊಂಡದ್ದು ಕತ್ತಲೆಯಲ್ಲೂ ನಮಗೆ ತಿಳಿಯಿತು. ಮಕ್ಕಳು ‘ಹೋ’ ಎಂದು ಕೂಗಿದರು. ಯಾರೂ ಅವರನ್ನು ಸುಮ್ಮನಿರಿಸಲಿಲ್ಲ.

ಖಗೋಲಜ್ಞರು ಹೇಳಿದ್ದ ಗರಿಷ್ಠ ಸಮಯ ನಡುರಾತ್ರಿಯ ಮೇಲೆ ಅರ್ಧ ತಾಸು. ಮಕ್ಕಳು ಪಾಟಿಯ ಮೇಲೆ ಕತ್ತಲೆಯಲ್ಲೇ ಗೀಟು ಹಾಕುತ್ತ ಹೋದರು. ಹನ್ನೆರಡರಿಂದ ಒಂದರವರೆಗೆ 74 ಗೀಟುಗಳಾದವು. ಒಮ್ಮೊಮ್ಮೆ ಎರಡು ಒಟ್ಟಿಗೆ. ಒಮ್ಮೊಮ್ಮೆ ಐದು ನಿಮಿಷ ಏನೂ ಇಲ್ಲ.

“ಇವು ಎಲ್ಲಾ ಊರಿಗೂ ಕಾಣ್ತಾವೇನ?” ಎಂದು ಅಕ್ಕ ಕೇಳಿದಳು.

“ಹೂಂ ಆಯಿ, ಎಲ್ಲಾರಿಗೂ ಕಾಣ್ತಾವು. ವರ್ಷಾ ಬರ್ತಾವು” ಎಂದಳು ಮೊಮ್ಮಗಳು.

ಮತ್ತೆ ಬಹಳ ಹೊತ್ತಿನ ಮೇಲೆ, ನಮಗೆ ಮಾತ್ರ ಕೇಳುವಂತೆ ಅಕ್ಕ ನುಡಿದಳು: “ಮಾವನವರದು ಎದಿ ಬ್ಯಾನಿ ಇತ್ತು ತಮ್ಮಾ. ನಂಗ ಗೊತ್ತಿತ್ತು. ಯಾರರ ಒಬ್ಬರು ಬಾಯಿಬಿಟ್ಟು ಅನ್ನಲಿ ಅಂತ ದಾರಿ ನೋಡಿದೆ.”

ನಮ್ಮಲ್ಲಿ ಉತ್ತರವಿರಲಿಲ್ಲ. ಆ ಒಂದು ಮಾತನ್ನು ಅನ್ನಲು ಶಾಸ್ತ್ರ ಬೇಕಿರಲಿಲ್ಲ, ವಿಜ್ಞಾನವೂ ಬೇಕಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿಯನ್ನು ಹೇಳುವ ಧೈರ್ಯ ಬೇಕಿತ್ತು.

ನೋಡಬಯಸುವವರಿಗೆ

ಈ ಉತ್ಸವವನ್ನು ನೋಡಲು ದೂರದರ್ಶಕ ಬೇಡ. ಅದರಿಂದ ಆಕಾಶದ ಬಹಳ ಚಿಕ್ಕ ಭಾಗ ಮಾತ್ರ ಕಾಣುವುದರಿಂದ ಉಪಯೋಗಕ್ಕಿಂತ ಅಡ್ಡಿಯೇ ಹೆಚ್ಚು. ಬರಿಗಣ್ಣೇ ಸಾಕು. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಡುವೆ ಮೊಬೈಲಿನ ಬೆಳಕು ಕಣ್ಣಿಗೆ ಬಿದ್ದರೆ ಮತ್ತೆ ಮೊದಲಿನಿಂದ ಕಾಯಬೇಕು. ಬ್ಯಾಟರಿ ಬೇಕೇಬೇಕೆಂದಾದರೆ ಅದಕ್ಕೆ ಕೆಂಪು ಬಟ್ಟೆ ಕಟ್ಟಿಕೊಳ್ಳಬೇಕು. ಪುನರ್ವಸುವನ್ನೇ ದಿಟ್ಟಿಸುವ ಅಗತ್ಯವಿಲ್ಲ. ಆಕಾಶದ ಹೆಚ್ಚು ಭಾಗ ಕಾಣುವಂತೆ ಮಲಗಿದರೆ ಸರಿ. ರಾತ್ರಿ ಹತ್ತರ ನಂತರ ಉಲ್ಕೆಗಳು ಹೆಚ್ಚುತ್ತವೆ. ಎರಡರ ಸುಮಾರಿಗೆ ಪುನರ್ವಸು ನಮ್ಮ ನೆತ್ತಿಯ ಸಮೀಪಕ್ಕೆ ಬರುತ್ತದೆ. ಹುಳಹುಪ್ಪಡಿಯಿಲ್ಲದ ಸ್ವಚ್ಛ ಜಾಗವನ್ನು ಹಗಲಿನಲ್ಲೇ ನೋಡಿಟ್ಟುಕೊಳ್ಳಬೇಕು. ಮಕ್ಕಳಿಗೂ ವೃದ್ಧರಿಗೂ ಬೆಚ್ಚನೆಯ ಹೊದಿಕೆ ಇರಲಿ.

ಹುಣ್ಣಿಮೆಯ ಹತ್ತಿರ ಬಂದ ವರ್ಷಗಳಲ್ಲಿ ನೋಟ ಮಂಕಾಗುತ್ತದೆ. 2024ರಲ್ಲಿ ಹಾಗೆಯೇ ಆಯಿತು. ದೊಡ್ಡ ಉಲ್ಕೆಗಳು ಮಾತ್ರ ಕಂಡವು. ಬೇರೆ ತಿಂಗಳುಗಳಲ್ಲೂ ಇಂಥ ರಾತ್ರಿಗಳುಂಟು. ಆಗಸ್ಟ್ 12-13ರ ವೃಷ್ಟಿ ಪ್ರಸಿದ್ಧವಾದರೂ ನಮ್ಮಲ್ಲಿ ಅದು ಮಳೆಗಾಲದ ಮೋಡಕ್ಕೆ ಸಿಲುಕುತ್ತದೆ. ನವೆಂಬರ್ 17-18ರಂದು ಸಿಂಹರಾಶಿಯ ಉಲ್ಕೆಗಳು ಬರುತ್ತವೆ. ಮೇ 5-6ರ ಬೆಳಗಿನ ಜಾವ ಮತ್ತು ಅಕ್ಟೋಬರ್ 21-22ರ ರಾತ್ರಿ ಬೀಳುವುದು ಹ್ಯಾಲಿ ಧೂಮಕೇತುವಿನ ಧೂಳು. 1986ರಲ್ಲಿ ಬಂದುಹೋದ ಆ ಧೂಮಕೇತು ಮತ್ತೆ ಬರುವುದು 2061ರಲ್ಲಿ. ಅದನ್ನು ಇನ್ನೊಮ್ಮೆ ಕಾಣುವ ಭಾಗ್ಯ ನಮ್ಮಂಥ ವಯಸ್ಸಾದವರಿಗಿಲ್ಲ. ಆದರೆ ಅದರ ಧೂಳಿನ ಬೆಳಕನ್ನು ವರ್ಷಕ್ಕೆ ಎರಡು ಬಾರಿ ಕಾಣಬಹುದು.

ಓದುಗರಲ್ಲಿ ನಮ್ಮದೊಂದು ಅರಿಕೆ. ಮಕ್ಕಳನ್ನು ಕರೆದುಕೊಂಡು ಹೋಗುವಾಗ ಮನೆಯ ಹಿರಿಯ ಹೆಣ್ಣುಮಕ್ಕಳನ್ನೂ ಕರೆಯಿರಿ. ನಮ್ಮ ಮನೆಗಳಲ್ಲಿ ಬೆಕ್ಕು ಅಡ್ಡಬಂದರೂ, ದೀಪ ಆರಿದರೂ, ಚಿಕ್ಕಿ ಬಿದ್ದರೂ ಅದರ ಲೆಕ್ಕವನ್ನು ಕೊನೆಗೆ ಒಬ್ಬ ಹೆಣ್ಣುಮಗಳ ಹೆಸರಿಗೆ ಬರೆಯುವ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ. ಮತ್ತು ನಮ್ಮಂತೆ ನಾಲ್ಕು ಅಕ್ಷರ ಓದಿದವರು, ‘ಶಾಸ್ತ್ರದಲ್ಲಿ ಹೀಗಿದೆ’ ಎಂದು ಬಾಯಿ ತೆರೆಯುವ ಮುನ್ನ, ಆ ಮಾತು ಅಡುಗೆಮನೆಯಲ್ಲಿ ಯಾರಿಗೆ ಕೇಳಿಸುತ್ತಿದೆಯೆಂದು ಒಮ್ಮೆ ಯೋಚಿಸಬೇಕು. ತಪ್ಪು ಹೇಳಿದ್ದಾಗಿದ್ದರೆ, ಹೇಳಿದ ಬಾಯಿಂದಲೇ ಅದನ್ನು ತಿದ್ದಬೇಕು. 49 ವರ್ಷ ಕಾಯಬಾರದು.

ಆ ರಾತ್ರಿ ನಾವು ಮನೆಗೆ ಮರಳಿದಾಗ ಮೂರು ಗಂಟೆ ಹೊಡೆದಿತ್ತು. ಮುಂದಿನ ಬೇಸಿಗೆಯಲ್ಲಿ, 2024ರ ಏಪ್ರಿಲ್ ತಿಂಗಳಲ್ಲಿ, ಅಕ್ಕನ ಮಗನು ಫೋನು ಮಾಡಿ ಊರಿನ ಸುದ್ದಿಗಳನ್ನೆಲ್ಲ ಹೇಳಿದನು. ಕೊನೆಯಲ್ಲಿ ಇನ್ನೊಂದು ಮಾತನ್ನು ಸೇರಿಸಿದನು: ಸೆಕೆ ಬಹಳವಾಗಿದೆ, ಅವ್ವ ಈಗ ಮಾಳಿಗೆಯ ಮೇಲೆ ಮಲಗುತ್ತಾಳೆ.